ಎರಡು ದಾಳಿಂಬೆ

ಹೊಸ ಸ್ಕಾಲ್ಪೆಲ್ ಬ್ಲೇಡಿನ ಎಣ್ಣೆ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ಲೀಡ್ಸಿನ ಮಿರಿಯಮ್ ಆಂಟಿಯ ಅಡುಗೆಮನೆಯಲ್ಲಿರುತ್ತೇನೆ.

ಪಕ್ಕದ ಮನೆಯ ಆಂಟಿ ಯಹೂದಿ ಮದುವೆಯ ಕರಾರುಪತ್ರಗಳಿಗೆ ಕಾಗದ ಕೊರೆದು ಎಲೆ, ದಾಳಿಂಬೆಗಳಿರುವ ಬಳ್ಳಿಯ ಅಂಚು ಮಾಡುತ್ತಿದ್ದರು. ಎಲ್ಲವೂ ಒಂದೇ ಹಾಳೆ, ಎಲ್ಲೂ ಅಂಟು ಹಚ್ಚುವಂತಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ದಿನ, ಸಂಜೆಯೇ ಮದುಮಗಳೊಬ್ಬಳು ತನ್ನ ಪತ್ರ ಒಯ್ಯಲು ಬರುವವಳಿದ್ದಳು. ಒಂದು ಎಲೆ ಕೊರೆಯಲು ಆಂಟಿ ನನಗೆ ಬ್ಲೇಡು ಕೊಟ್ಟರು. ನಾನು ಪಕ್ಕದ ತೊಟ್ಟನ್ನೇ ಕತ್ತರಿಸಿದೆ. ದಾಳಿಂಬೆಯೊಂದು ಕಳಚಿ ಮೇಜಿನ ಮೇಲೆ ಬಿತ್ತು.

ಆಂಟಿ ಕನ್ನಡಕ ತೆಗೆದರು. "ಮೂರು ವಾರದ ಕೆಲಸ," ಎಂದಷ್ಟೇ ಅಂದರು.

ನನ್ನನ್ನು ಕರೆದೊಯ್ಯಲು ಬಂದ ಅಮ್ಮ, ಆಸ್ಪತ್ರೆಯ ಬ್ಯಾಡ್ಜನ್ನೂ ತೆಗೆಯದೆ, ಹಾಳೆಯ ಮೇಲೆ ಬಾಗಿದಳು.

"ಅಳಬೇಡ. ರಂಗೋಲೀಲಿ ಒಂದು ಕಡೆ ತಪ್ಪಿದ್ರೆ ನಮ್ಮಜ್ಜಿ ಇನ್ನೊಂದು ಕಡೇನೂ ಅದೇ ತಪ್ಪು ಮಾಡೋರು," ಎಂದಳು. ಅದನ್ನೇ ಆಂಟಿಗೂ ಇಂಗ್ಲಿಷಿನಲ್ಲಿ ಹೇಳಿದಳು.

ಆಂಟಿ ಕನ್ನಡಕ ಮತ್ತೆ ಹಾಕಿಕೊಂಡು, ಬ್ಲೇಡನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಎದುರು ಅಂಚಿನ ದಾಳಿಂಬೆಯನ್ನು ನಾನು ಬೇಕೆಂದೇ ಉದುರಿಸಿದೆ.

ಸಂಜೆ ಮದುಮಗಳು ಪತ್ರವನ್ನು ಕಿಟಕಿಗೆ ಹಿಡಿದಾಗ, ಆ ಎರಡು ತೆರಪುಗಳಿಂದ ಇಳಿಬಿಸಿಲು ಅವಳ ಎರಡೂ ಕೆನ್ನೆಗೆ ಬಿತ್ತು. ಅವಳು ಬಹಳ ಹೊತ್ತು ಅದನ್ನು ಕೆಳಗಿಳಿಸಲಿಲ್ಲ.

"ಈ ಕಿಟಕಿಗಳ ಯೋಚನೆ ಯಾರದು?" ಎಂದು ಕೇಳಿದಳು.

ಆಂಟಿ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಇವಳ ಮುತ್ತಜ್ಜಿಯದು."