ಪಕ್ಕದ ಕುರ್ಚಿಯ ಮೊಡವೆ

"ನಿಮ್ಮೋರ ಮುಖಕ್ಕೆ ಏನಾಯ್ತು ಅಕ್ಕಾ?" ಎಂದು ಟೈಲರಮ್ಮ ಕೇಳಿದ್ದು ಕನಿಕರದಿಂದಲೇ. ಕೀಮೋ ವಾರ್ಡಿನ ಪಕ್ಕದ ಕುರ್ಚಿಯಲ್ಲಿ ಡ್ರಿಪ್ ಹಾಕಿಸಿಕೊಂಡು ಕೂತಿದ್ದ ಬಸ್ ಡ್ರೈವರನ ಹಣೆ, ಮೂಗು, ಕೆನ್ನೆಯ ತುಂಬ ಕೆಂಪು ಮೊಡವೆ. ಐವತ್ತೈದರ ಗಂಡಸಿಗೆ ಹದಿನಾರರ ಮುಖ.

ಡ್ರೈವರನ ಹೆಂಡತಿ ಬೀಗಿದಳು. "ಬರ್ಲೇಬೇಕಂತೆ ಕಣಮ್ಮ. ಮೊಡವೆ ಎದ್ದಷ್ಟೂ ಔಷಧ ಹಿಡೀತಿದೆ ಅಂತ ಲೆಕ್ಕವಂತೆ. ಗಡ್ಡೆ ಆಗಲೇ ಅರ್ಧಕ್ಕೆ ಇಳಿದಿದೆ. ಅಯ್ಯೋ, ನಿಮ್ಮೋರಿಗೆ ಒಂದೂ ಇಲ್ವಲ್ಲ!"

ಟೈಲರಮ್ಮ ತಿರುಗಿ ಗಂಡನನ್ನು ನೋಡಿದಳು. ಇಸ್ತ್ರಿ ಹಾಕಿದ ಬಟ್ಟೆಯಂಥ ಮುಖ. ಇಬ್ಬರಿಗೂ ದೊಡ್ಡ ಕರುಳಿನ ಕ್ಯಾನ್ಸರ್, ಇಬ್ಬರಿಗೂ ಲಿವರಿಗೆ ಹಬ್ಬಿತ್ತು, ಇಬ್ಬರಿಗೂ ಒಬ್ಬರೇ ಡಾಕ್ಟರು. ಅವಳು ಎದ್ದು ನರ್ಸಿನ ಮೇಜಿನ ಹತ್ತಿರ ಹೋದಳು. ಆಸ್ಪತ್ರೆಯವರೊಡನೆ ಮಾತಾಡಲು ನಾಚುವವಳು, ಆದರೂ ಕೇಳಿಯೇಬಿಟ್ಟಳು.

"ಸಿಸ್ಟರ್, ಅವರಿಗೆ ಕೊಡೋ ಔಷಧ ನಮ್ಮೋರಿಗೆ ಯಾಕಿಲ್ಲ?"

"ಕಾಯಿಲೆ ಹೆಸರು ಒಂದೇ ಅಮ್ಮ, ಗಡ್ಡೆ ಒಂದೇ ಥರ ಅಲ್ಲ. ಜೀನಲ್ಲಿ ಏನು ಬದಲಾಗಿದೆ ಅಂತ ಪರೀಕ್ಷೆ ಮಾಡಿಸಿದ್ವಲ್ಲ? ಆ ಔಷಧ, ಗಡ್ಡೆ ಬೆಳೆಸೋ ಸ್ವಿಚ್ ಆರಿಸುತ್ತೆ. ನಿಮ್ಮೋರ ಗಡ್ಡೇಲಿ ಸ್ವಿಚ್ಚಿಂದ ಮುಂದಕ್ಕೆ ವೈರೇ ಒಂದಕ್ಕೊಂದು ಅಂಟಿಕೊಂಡು ಕರೆಂಟು ಹರೀತಾನೇ ಇದೆ. ಸ್ವಿಚ್ ಆರಿಸಿದ್ರೂ ದೀಪ ಆರಲ್ಲ. ಅದಕ್ಕೇ ಬೇರೆ ಔಷಧ ಕೊಡ್ತಿರೋದು."

ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯಲಿಲ್ಲ. ಮನೆಗೆ ಬಂದು ಬಟ್ಟೆ ಹಾಸಿ, ಅದರ ಮೇಲೆ ಮರದ ಹಿಡಿಯ ಪುಟ್ಟ ಹಲ್ಲುಚಕ್ರ ಒತ್ತಿ ಉರುಳಿಸುತ್ತ ಹೊಲಿಗೆಗೆ ಚುಕ್ಕಿಗೆರೆ ಹಾಕುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಬದಲಾಗೋದೇನೋ ಬದಲಾಯ್ತು, ಡ್ರೈವರಿಗೆ ಬದಲಾದ ಹಾಗೆ ಬದಲಾಗಬಾರದಿತ್ತಾ?"

ಗಂಡ ನಕ್ಕ. "ಆರಿಸ್ಕೋ ಅಂದಿದ್ರೆ ನಿನ್ನ ಕೇಳೇ ಆರಿಸ್ಕೋತಿದ್ದೆ ಮಾರಾಯ್ತಿ. ಒಳ್ಳೇ ಕತೆ ಇದು. ರೋಗ ನನ್ನ ಹೊಟ್ಟೇಲಿ, ಕಿಚ್ಚು ನಿನ್ನ ಹೊಟ್ಟೇಲಿ!"

ಅವಳು ನಗಲಿಲ್ಲ. ಮರುದಿನದಿಂದ ಬೆಳಗಾದರೆ ಅವನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸುವಳು. ಬಟ್ಟೆಯ ತಾನಿನಲ್ಲಿ ಹರಿದ ಎಳೆ ಹುಡುಕುವಂತೆ ಹುಡುಕುವಳು. ಒಮ್ಮೆ ಮೂಗಿನ ಪಕ್ಕ ಕೆಂಪಗೆ ಕಂಡಿತು. ಸಂಜೆಯ ಹೊತ್ತಿಗೆ ಇಳಿಯಿತು, ಸೊಳ್ಳೆ ಕಚ್ಚಿದ್ದು. ಆ ದಿನ ಅವಳು ಹೊಲಿಗೆಗೆ ಕೂರಲಿಲ್ಲ. ಅವನು ಅದನ್ನು ಗಮನಿಸಿದ.

ಮುಂದಿನ ಎರಡು ಕೀಮೋ ಸರದಿಗೂ ಡ್ರೈವರ ದಂಪತಿ ವಾರ್ಡಿನಲ್ಲಿ ಕಾಣಲಿಲ್ಲ. ಗುಣವಾಗಿ ಮನೆಯಲ್ಲಿ ಹಾಯಾಗಿದ್ದಾರೆ ಎಂದುಕೊಂಡು ಟೈಲರಮ್ಮ ಇನ್ನಷ್ಟು ಬೆಂದಳು. ಮೂರನೆಯ ಸರದಿಯ ಬೆಳಿಗ್ಗೆ, ಒಂದು ಅರ್ಜೆಂಟ್ ಕೋಟಿಗೆ ಗುರುತು ಹಾಕಲು ಕೂತರೆ ಹಲ್ಲುಚಕ್ರವೇ ಡಬ್ಬದಲ್ಲಿಲ್ಲ. ಹುಡುಕುವಷ್ಟರಲ್ಲಿ ಆಸ್ಪತ್ರೆಗೆ ಹೊತ್ತಾಯಿತು. ಗಂಡ ಕಿವಿಯವರೆಗೆ ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

ವಾರ್ಡಿನಲ್ಲಿ ಕೂತು ಮಫ್ಲರ್ ಬಿಚ್ಚಿದ. ಬಲಗೆನ್ನೆಯ ಮೇಲೆ ಕೆಂಪು ಚುಕ್ಕೆಗಳು.

"ಬಂತು! ರೀ, ಬಂತು!" ಎಂದು ಅವಳು ಬಗ್ಗಿ ನೋಡಿದಳು. ಕಿವಿಯ ಕೆಳಗಿನಿಂದ ಗಲ್ಲದವರೆಗೆ ಒಂದೇ ಸಾಲು. ಚುಕ್ಕೆಯಿಂದ ಚುಕ್ಕೆಗೆ ಒಂದೇ ಅಂತರ, ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಇಪ್ಪತ್ತು ವರ್ಷದಿಂದ ಬಟ್ಟೆಯ ಮೇಲೆ ಅವಳೇ ಎಳೆಯುತ್ತ ಬಂದ ಗೆರೆ ಅದು. ಅವನ ಅಂಗಿಯ ಜೇಬಿನಿಂದ ಹಲ್ಲುಚಕ್ರದ ಮರದ ಹಿಡಿ ಇಣುಕುತ್ತಿತ್ತು.

"ಚೆನ್ನಾಗಿ ಎದ್ದಿದೆಯಾ?" ಎಂದು ಅವನು ಮೆಲ್ಲಗೆ ಕೇಳಿದ, ಅವಳ ಮುಖ ನೋಡದೆ.

ಅಷ್ಟರಲ್ಲಿ ಡ್ರೈವರನನ್ನು ತೋಳು ಹಿಡಿದು ಹೆಂಡತಿ ಕರೆತಂದಳು. ಅವನ ಮುಖ ಈಗ ನುಣ್ಣಗಿತ್ತು. ಅಲ್ಲಲ್ಲಿ ಒಣಗಿದ ಕಲೆ ಮಾತ್ರ.

"ಆ ಔಷಧ ನಿಲ್ಸಿದ್ರಮ್ಮ," ಎಂದಳು ಕೂರುತ್ತ. "ಗಡ್ಡೇಲಿರೋ ಕಣ ಎಲ್ಲಾ ಒಂದೇ ಥರ ಇರಲ್ವಂತೆ. ಔಷಧಕ್ಕೆ ಬಗ್ಗದವು ನಾಲ್ಕು ಮೊದಲಿಂದ್ಲೂ ಮೂಲೇಲಿ ಕೂತಿದ್ವಂತೆ. ಬಗ್ಗಿದವೆಲ್ಲ ಸತ್ತವು, ಜಾಗ ಖಾಲಿ ಆಯ್ತು, ಈಗ ಅವೇ ಬೆಳ್ಕೊಂಡಿವೆ..."

ಮಾತು ಅಲ್ಲೇ ನಿಂತಿತು. ಅವಳ ಕಣ್ಣು ಪಕ್ಕದ ಕುರ್ಚಿಯವನ ಬಲಗೆನ್ನೆಗೆ ಅಂಟಿಕೊಂಡಿತ್ತು. ಆ ನೋಟವನ್ನು ಟೈಲರಮ್ಮ ಬಲ್ಲಳು. ಇಷ್ಟು ದಿನ ತನ್ನದೇ ಕನ್ನಡಿಯಲ್ಲಿ ಕಂಡಿದ್ದಳು.

"ನಿಮ್ಮೋರಿಗೆ... ಬಂತಾ?"

"ಹೂಂ ಅಕ್ಕಾ," ಎಂದಳು ಟೈಲರಮ್ಮ. ಗಂಡನ ಜೇಬಿನಿಂದ ಇಣುಕುತ್ತಿದ್ದ ಹಿಡಿಯನ್ನು ಒಂದು ಬೆರಳಿನಿಂದ ಒಳಕ್ಕೆ ಒತ್ತಿದಳು.