ಮುಟ್ಟದೆ ಬಂದ ಕರೆಂಟ್

ರಿಪೇರಿಗೆಂದು ಕಂಬ ಹತ್ತಿದ್ದ ಲೈನ್‌ಮನ್ ಯಮನಪ್ಪ ಶಾಕ್ ಹೊಡೆದು ಸತ್ತಿದ್ದ. ವಿಚಾರಣೆಯ ದಿನ ಅವನ ಹೆಂಡತಿ ನೀಲವ್ವ, ಅವನನ್ನು ಕೆಲಸಕ್ಕೆ ಕಳಿಸಿದ್ದ ಎಂಜಿನಿಯರರನ್ನು ಕೇಳಿದಳು.

“ಸಾಹೇಬ್ರ, ಲೈನ್ ಬಂದ್ ಮಾಡಿದ್ವಿ ಅಂತೀರಿ. ಮತ್ತ ಕರೆಂಟ್ ಎಲ್ಲಿಂದ ಬಂತ್ರಿ?”

ಎಂಜಿನಿಯರ್ ವಿಚಾರಣಾಧಿಕಾರಿಯ ಕಡೆ ತಿರುಗಿ ನಕ್ಕರು. “ಶಾಲೆ ಮೆಟ್ಟಿಲು ಹತ್ತದವಳಿಗೆ ಏನಂತ ಹೇಳೋದು ಸರ್?”

“ತಿಳಿಯೂ ಹಂಗ ಹೇಳ್ರಿ,” ಎಂದಳು ನೀಲವ್ವ.

“ಕೇಳು ಹಾಗಾದರೆ. ಪಕ್ಕದ ಲೈನಿನಲ್ಲಿ ಕರೆಂಟ್ ಹರೀತಿತ್ತು. ಅದರ ಸುತ್ತ ಕಾಂತಕ್ಷೇತ್ರ ಇರುತ್ತೆ. ಮುಟ್ಟದೇ ಇದ್ದರೂ ಬಂದ್ ಆದ ತಂತೀಲಿ ಕರೆಂಟ್ ಹುಟ್ಟುತ್ತೆ. ಅದಕ್ಕೇ ತಂತಿಯನ್ನ ನೆಲಕ್ಕೆ ಜೋಡಿಸಿ ಅರ್ಥಿಂಗ್ ಕೊಡಬೇಕು. ಡಿಪ್ಲೊಮಾ ಹುಡುಗರಿಗೂ ಗೊತ್ತಿರೋದು ಇದು. ನಿನ್ನ ತಲೆಗೆ ಎಲ್ಲಿ ಹತ್ತುತ್ತೆ?”

“ನಿಮಗ ಇದು ಆವತ್ತೂ ಗೊತ್ತಿತ್ತೇನ್ರಿ?”

“ಮೂವತ್ತು ವರ್ಷದಿಂದ ಗೊತ್ತು.”

ನೀಲವ್ವ ಕೂತಳು. ವಿಚಾರಣಾಧಿಕಾರಿ ಫೈಲಿನಿಂದ ಎಂಜಿನಿಯರರ ಸಹಿಯಿದ್ದ ಹೇಳಿಕೆಯನ್ನು ತೆಗೆದು ನಿಧಾನವಾಗಿ ಓದಿದರು: “ಬಂದ್ ಆದ ಲೈನಿನಲ್ಲಿ ಕರೆಂಟ್ ಬರಬಹುದೆಂದು ನನಗೆ ತಿಳಿದಿರಲಿಲ್ಲ. ಆದ್ದರಿಂದಲೇ ಅರ್ಥಿಂಗ್ ಬೇಡ, ಹಾಗೇ ಹತ್ತು ಎಂದು ಯಮನಪ್ಪನಿಗೆ ಹೇಳಿದೆ.”