ಕೋಸಿನ ಹೆಸರಿನವರು

ಧಾರವಾಡದ ಜರ್ಮನ್ ತರಗತಿಗೆ ಸೇರಿದ ಹೊಸ ಹುಡುಗ ಎದ್ದು ನಿಂತು, "ಶಿವಪುತ್ರ ಉಳ್ಳಾಗಡ್ಡಿ" ಅಂದ. ಈರುಳ್ಳಿಯ ಅಡ್ಡಹೆಸರು ಕೇಳಿ ಎಲ್ಲರೂ ನಕ್ಕರು.

ಪಾಠ ಮಾಡುತ್ತಿದ್ದ ಇನಾಮದಾರ ಸರ್ ಗದರಿದರು. "ನಗಬ್ಯಾಡ್ರಿ. ಜರ್ಮನಿಯೊಳಗ ಕೋಲ್ ಅಂತ ಅಡ್ಡಹೆಸರು ಅದ. ಕೋಲ್ ಅಂದ್ರ ಕೋಸು. ದಂಟು ಅನ್ನೋ ಲ್ಯಾಟಿನ್ ಶಬ್ದದಿಂದ ಬಂದದ್ದು. ಕೋಸು ಬೆಳೆದವರಿಗೆ, ಮಾರಿದವರಿಗೆ ಅದೇ ಹೆಸರು ನಿಂತಿತು. ದುಡಿದು ಬಂದ ಹೆಸರಿಗೆ ಯಾಕ ನಾಚಬೇಕು?"

ಶಿವಪುತ್ರ ಅಂದು ಮೊದಲ ಸಲ ತಲೆ ಎತ್ತಿ ಕೂತ.

ಅದೇ ತರಗತಿಯಲ್ಲಿ ಸರ್ ಮಗಳು ವೈದೇಹಿಯೂ ಇದ್ದಳು. ಎರಡು ವರ್ಷ ಒಟ್ಟಿಗೆ ಓದಿದ ಇಬ್ಬರೂ ಮದುವೆಯಾಗಲು ನಿರ್ಧರಿಸಿದರು. ಶಿವಪುತ್ರ ಧೈರ್ಯ ಮಾಡಿ ಸರ್ ಮನೆಗೆ ಹೋಗಿ ಕೇಳಿದ.

ಸರ್ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡರು.

"ನೀ ಹುಡುಗ ಛಲೋ ಇದ್ದೀಪಾ. ಆದ್ರ ಲಗ್ನಪತ್ರಿಕಿಯೊಳಗ ಉಳ್ಳಾಗಡ್ಡಿ ಅಂತ ಹ್ಯಾಂಗ ಹಾಕಸ್ಲಿ?"